ಪಿತ್ತದ ಗಂಧೆಗೆ ಲೆಕ್ಕದ ಮದ್ದು

ಹೋದ ವರ್ಷ ನಮ್ಮ ಸಂಘದ ದಸರಾ ಕೂಟದ ಊಟದ ಪಂಕ್ತಿಯಲ್ಲಿ ಎಣ್ಣೆಗಾಯಿ ಬಡಿಸುತ್ತ ಬಂದ ಹಿರಿಯರೊಬ್ಬರಿಗೆ ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಬ್ಯಾಡ್ರಿ, ನನಗ ಬದನಿಕಾಯಿ ನಡಿಯಂಗಿಲ್ಲ" ಎಂದೆ. "ಯಾಕ, ಗಂಧಿ ಏಳತಾವೇನು?" ಎಂದು ಅವರು ಕೇಳಿದರು. ಹೌದೆಂದೆ. ಅಷ್ಟಕ್ಕೇ ಎಡಗಡೆ ಕುಳಿತವರು ತಮ್ಮ ಸೊಸೆಗೂ ಅದೇ ಬೇನೆಯೆಂದರು. ಎದುರು ಪಂಕ್ತಿಯವರು ತಮ್ಮ ತಂಗಿಯ ಕಥೆ ಹೇಳಿದರು. ಪಾಯಸ ಬರುವಷ್ಟರಲ್ಲಿ ನಾಲ್ಕು ಮನೆಗಳ ಗಂಧೆಯೂ ಎಂಟು ಬಗೆಯ ಮದ್ದುಗಳೂ ಹೊರಬಿದ್ದಿದ್ದವು.

ಆ ಪಂಕ್ತಿಯಲ್ಲಿದ್ದ ನಮ್ಮ ಸಂಪಾದಕರು ಈಚೆಗೆ ನನ್ನನ್ನು ಹಿಡಿದು, "ಆಗ ಕೈ ಅಡ್ಡ ಹಿಡಿದವರು ಈಗ ಹೇಗಿದ್ದೀರಿ? ನಡೆದುದನ್ನೆಲ್ಲ ಬರೆದುಕೊಡಿ, ನಾಲ್ಕು ಮನೆಯವರಿಗೆ ಉಪಯೋಗವಾದೀತು" ಎಂದರು. ನಾನು ವೈದ್ಯನಲ್ಲ. ಬಿ.ಎ. ಓದಿ ಸರಕಾರಿ ಕಚೇರಿಯಲ್ಲಿ ಕಡತ ತಿರುವುವ ಗುಮಾಸ್ತ. ಆದರೆ ಎರಡೂವರೆ ವರ್ಷ ಈ ಬೇನೆಯನ್ನು ಮೈಮೇಲೆ ಹೊತ್ತವನು. ಅದರಲ್ಲಿ ಆರು ತಿಂಗಳು, ದೇಹದ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮದ್ದೊಂದನ್ನು ನುಂಗಿದವನು. ಆದುದರಿಂದ ಕಂಡುಂಡದ್ದನ್ನೂ, ವೈದ್ಯರಿಂದ ಕೇಳಿ ತಿಳಿದದ್ದನ್ನೂ, ಆಮೇಲೆ ಓದಿ ಖಚಿತಪಡಿಸಿಕೊಂಡದ್ದನ್ನೂ ವಾಚಕರ ಮುಂದೆ ಇಡುತ್ತೇನೆ.

ಮೊದಲು ಬೇನೆಯ ಪರಿಚಯ. ಮೈಮೇಲೆ ಅಲ್ಲಲ್ಲಿ ಕೆಂಪಗೆ, ಸೊಳ್ಳೆ ಕಡಿದಂತೆ ಚಿಕ್ಕದಾಗಿಯೋ ಅಂಗೈಯಗಲವಾಗಿಯೋ ದದ್ದುಗಳು ಉಬ್ಬುತ್ತವೆ. ತುರಿಕೆ ಸಹಿಸಲಸಾಧ್ಯ. ಒಂದು ದದ್ದು ಸಾಮಾನ್ಯವಾಗಿ ಇಪ್ಪತ್ತನಾಲ್ಕು ಗಂಟೆಯೊಳಗೆ ಗುರುತೂ ಉಳಿಯದಂತೆ ಇಳಿದುಹೋಗುತ್ತದೆ; ಅಷ್ಟರಲ್ಲಿ ಮತ್ತೊಂದು ಕಡೆ ಹೊಸದು ಎದ್ದಿರುತ್ತದೆ. ನಮ್ಮ ಕಡೆ ಇದಕ್ಕೆ ಪಿತ್ತದ ಗಂಧೆ ಎಂಬ ಹೆಸರು. ಇಲ್ಲಿಯ ಮರಾಠಿ ನೆರೆಯವರೂ ಮೈಮೇಲೆ 'ಪಿತ್ತ' ಎದ್ದಿತೆಂದೇ ಹೇಳುತ್ತಾರೆ. ಆಯುರ್ವೇದದ ಮಾಧವನಿದಾನದಲ್ಲಿ ಇದನ್ನು ಶೀತಪಿತ್ತವೆಂದು ವರ್ಣಿಸಿದೆ. ಇಂದಿನ ವೈದ್ಯರು ಹೇಳುವ ಅರ್ಟಿಕೇರಿಯಾ ಎಂಬ ಹೆಸರು, ಮುಟ್ಟಿದರೆ ಮೈ ತುರಿಸುವ ಗಿಡವೊಂದರ ಲ್ಯಾಟಿನ್ ಹೆಸರಿನಿಂದ ಬಂದದ್ದು. ನಮ್ಮ ತುರಚಿ ಗಿಡವನ್ನು ನೆನೆದರೆ ಸಾಕು. ಆರು ವಾರದೊಳಗೆ ಹೋದರೆ ಅದು ತಾತ್ಕಾಲಿಕ. ಆರು ವಾರ ದಾಟಿಯೂ ಏಳುತ್ತಲೇ ಇದ್ದರೆ ದೀರ್ಘಕಾಲದ್ದು. ನನ್ನದು ಈ ಎರಡನೆಯ ಜಾತಿ.

ಗಂಧೆ ಮೊದಲು ಎದ್ದದ್ದು ಒಂದು ಮಳೆಗಾಲದ ಬೆಳಿಗ್ಗೆ, ಕುರ್ಲಾ ನಿಲ್ದಾಣದ ಮೇಲ್ಸೇತುವೆಯ ನೂಕುನುಗ್ಗಲಿನಲ್ಲಿ. ಹೆಗಲ ಚೀಲದ ಪಟ್ಟಿ ಒತ್ತಿದ ಕಡೆ ಉದ್ದಕ್ಕೆ ಬರೆ ಎದ್ದಿತ್ತು. ಕಚೇರಿ ಮುಟ್ಟುವಷ್ಟರಲ್ಲಿ ಸೊಂಟದ ಬೆಲ್ಟಿನ ಕೆಳಗೆ, ಕೈಗಡಿಯಾರದ ಸುತ್ತ, ಕತ್ತಿನ ಮೇಲೆ. ಮರುದಿನ ಗಾಡಿಯಲ್ಲಿ ನನ್ನ ಕತ್ತು ಕಂಡು ಪಕ್ಕದಲ್ಲಿದ್ದವರು ಸರಿದು ನಿಂತರು. ಆ ಗಾಡಿಯಲ್ಲಿ ಸರಿದು ನಿಲ್ಲಲು ಜಾಗವಿರುವುದಿಲ್ಲ, ಆದರೂ ಸರಿದರು! ಇದು ಅಂಟುವ ರೋಗವಲ್ಲವೆಂದು ಯಾರಿಗೆಂದು ಹೇಳುತ್ತ ಹೋಗುವುದು?

ಮನೆಮದ್ದು ಆಯಿತು. ಅವ್ವ ಊರಿನಿಂದ ತಂದ ಕರಿಯ ಕಂಬಳಿಯನ್ನು ಹೊದಿಸಿದಳು, ತುಪ್ಪದಲ್ಲಿ ಮೆಣಸಿನ ಪುಡಿ ಕಲಸಿ ತಿನ್ನಿಸಿದಳು. ಪಕ್ಕದ ಖೋಲಿಯ ಕಾಕೂ ಆಮಸೂಲ ನೆನೆಸಿದ ನೀರನ್ನು ಹಚ್ಚಿದರು. ತಂಪಾಗುತ್ತಿತ್ತು, ಇಲ್ಲವೆನ್ನಲಾರೆ, ಮರುದಿನ ಮತ್ತೆ ಏಳುತ್ತಿತ್ತು. ಆಮೇಲೆ ಪಥ್ಯ. ಬದನೆಕಾಯಿ ಬಿಟ್ಟೆ, ಉದ್ದು ಬಿಟ್ಟೆ, ಶೇಂಗಾ ಬಿಟ್ಟೆ. ಹೆಂಡತಿ ಒಂದೊಂದೇ ಡಬ್ಬಿಯನ್ನು ಅಟ್ಟಕ್ಕೆ ಏರಿಸುತ್ತ ಹೋದಳು. ಗಂಧೆ ಮಾತ್ರ ಇಳಿಯಲಿಲ್ಲ.

ಆಗ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. ಓಣಿಯೊಂದರ ವೈದ್ಯರು ಕಾಗದದ ಪೊಟ್ಟಣದಲ್ಲಿ ಹೆಸರಿಲ್ಲದ ಬಿಳಿಯ ಗುಳಿಗೆಗಳನ್ನು ಕಟ್ಟಿಕೊಟ್ಟರು. ಎರಡೇ ದಿನದಲ್ಲಿ ಮೈ ಕನ್ನಡಿಯಂತಾಯಿತು. ಬಿಟ್ಟರೆ ನಾಲ್ಕನೆಯ ದಿನ ಗಂಧೆ ಇಮ್ಮಡಿಯಾಗಿ ಬರುತ್ತಿತ್ತು, ಮತ್ತೆ ಪೊಟ್ಟಣ. ಹೀಗೆ ಹತ್ತು ತಿಂಗಳು ನಡೆಯಿತು. ಮುಖ ದುಂಡಗಾಯಿತು. ಕಚೇರಿಯಲ್ಲಿ, "ಏನ್ರೀ, ಮೈ ತುಂಬಿಕೊಂಡಿದ್ದೀರಿ, ಬಡ್ತಿ ಗಿಡ್ತಿ ಬಂತೇ?" ಎಂದು ನಗೆಯಾಡಿದರು. ಕಚೇರಿಯ ಆರೋಗ್ಯ ತಪಾಸಣೆಯಲ್ಲಿ ರಕ್ತದ ಸಕ್ಕರೆ ಏರಿರುವುದು ಕಂಡಾಗಲೇ ಆ ಗುಳಿಗೆ ಸ್ಟಿರಾಯ್ಡ್ ಎಂಬುದು ತಿಳಿದದ್ದು. ಸ್ಟಿರಾಯ್ಡ್ ಕೆಟ್ಟ ವಸ್ತುವಲ್ಲ; ಗಂಧೆ ವಿಪರೀತ ಕೆರಳಿದಾಗ ಕೆಲವೇ ದಿನಗಳ ಮಟ್ಟಿಗೆ ದೊಡ್ಡ ವೈದ್ಯರೂ ಕೊಡುವುದುಂಟು. ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ, ರಕ್ತದೊತ್ತಡ, ಎಲುಬು, ಕಣ್ಣು ಎಲ್ಲಕ್ಕೂ ಹಾನಿ. ಬಹುಕಾಲ ತೆಗೆದುಕೊಂಡವರು ಒಮ್ಮೆಲೇ ಬಿಡುವುದೂ ಅಪಾಯ. ವೈದ್ಯರ ಸಲಹೆಯಂತೆ ಇಳಿಸುತ್ತ ಬರಬೇಕು. ಇದನ್ನೆಲ್ಲ ನನಗೆ ಹೇಳಿದವರು ನಗರಪಾಲಿಕೆಯ ದೊಡ್ಡ ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದ ವೈದ್ಯೆ. ದಸರೆಯಾದ ತಿಂಗಳಲ್ಲಿ ನಾನು ಅಲ್ಲಿ ಸಾಲಿನಲ್ಲಿ ನಿಂತೆ.

ಅವರು ಮೊದಲು ಮದ್ದು ಬರೆಯಲಿಲ್ಲ. ಒಂದು ವಹಿ ಇಡಲು ಹೇಳಿದರು. ದಿನದಲ್ಲಿ ದದ್ದು ಒಂದೂ ಇಲ್ಲದಿದ್ದರೆ ಸೊನ್ನೆ, ಇಪ್ಪತ್ತರೊಳಗಿದ್ದರೆ 1, ಐವತ್ತರವರೆಗೆ 2, ಅದಕ್ಕೂ ಮೀರಿದರೆ 3. ಅದರಂತೆಯೇ ತುರಿಕೆಗೆ ಸೊನ್ನೆಯಿಂದ 3. ದಿನಕ್ಕೆ ಹೆಚ್ಚೆಂದರೆ 6, ವಾರಕ್ಕೆ 42. ಮೊತ್ತ 6ರೊಳಗಿದ್ದರೆ ಬೇನೆ ಹತೋಟಿಯಲ್ಲಿದೆ. 28 ಅಥವಾ ಅದಕ್ಕೂ ಹೆಚ್ಚಿದ್ದರೆ ತೀವ್ರ. ಜಗತ್ತಿನ ವೈದ್ಯರೆಲ್ಲ ಇದೇ ಲೆಕ್ಕವನ್ನು ಬಳಸುತ್ತಾರಂತೆ. ಗುಮಾಸ್ತನಿಗೆ ವಹಿ ಬರೆಯುವುದೇನು ಕಷ್ಟ? ಮೊದಲ ವಾರದ ನನ್ನ ಮೊತ್ತ 34.

"ಯಾವ ಪದಾರ್ಥದಿಂದ ಬರುತ್ತದೆ, ಅದನ್ನು ಕಂಡುಹಿಡಿಯಿರಿ" ಎಂದು ನಾನು ಅಂಗಲಾಚಿದೆ. ಅವರು ಹೇಳಿದ್ದು ನನ್ನ ಕಣ್ಣು ತೆರೆಸಿತು. ಚರ್ಮದಲ್ಲಿ ಮಾಸ್ಟ್ ಕೋಶಗಳೆಂಬವು ಇವೆ. ಅವುಗಳ ಹೊಟ್ಟೆಯಲ್ಲಿ ಹಿಸ್ಟಮಿನ್ ಎಂಬ ರಸ ತುಂಬಿರುತ್ತದೆ; ಅದು ಹೊರಚೆಲ್ಲಿದರೆ ದದ್ದು, ತುರಿಕೆ. ದೀರ್ಘಕಾಲದ ಗಂಧೆಯಲ್ಲಿ ಬಹುಮಂದಿಗೆ ಇದನ್ನು ಕೆರಳಿಸುವುದು ಹೊರಗಿನ ಬದನೆಕಾಯಿಯಲ್ಲ. 1993ರಲ್ಲಿ ಜಪಾನಿನ ಹಿಡೆ, ಇಂಗ್ಲೆಂಡಿನ ಗ್ರೀವ್ಸ್ ಮತ್ತು ಸಂಗಡಿಗರು ತೋರಿಸಿದಂತೆ, ಅನೇಕ ರೋಗಿಗಳ ರಕ್ತದಲ್ಲಿ ಆ ಕೋಶಗಳನ್ನೇ ಕೆಣಕುವ ಪ್ರತಿಕಾಯಗಳು ಇರುತ್ತವೆ. ಅಂದರೆ, ರೋಗವನ್ನು ತಡೆಯಬೇಕಾದ ದೇಹದ ಕಾವಲೇ ದಾರಿ ತಪ್ಪಿ ತನ್ನ ಮನೆಯ ಕದವನ್ನು ತಟ್ಟುತ್ತಿರುತ್ತದೆ. ಎರಡು ವರ್ಷ ಅಟ್ಟದ ಮೇಲಿದ್ದ ಡಬ್ಬಿಗಳನ್ನು ನೆನೆದು ನನಗೆ ನಗುವೂ ಬಂತು, ಅಳುವೂ ಬಂತು.

ಚಿಕಿತ್ಸೆಗೆ ಮೆಟ್ಟಿಲುಗಳಿವೆ. ನಮ್ಮ ದೇಶದ ಚರ್ಮವೈದ್ಯರು ಕೂಡಿ ಒಪ್ಪಿದ ಮಾರ್ಗಸೂಚಿ 2018ರಲ್ಲಿ ಅಚ್ಚಾಗಿದೆ. ಅದರ ಮೊದಲ ಲೇಖಕರು, ಕುರ್ಲಾದಿಂದ ಹಾರ್ಬರ್ ಗಾಡಿ ಹತ್ತಿದರೆ ಸಿಗುವ ನೆರೂಳಿನ ಡಿ.ವೈ. ಪಾಟೀಲ ವೈದ್ಯಕೀಯ ಕಾಲೇಜಿನ ಡಾ. ಕಿರಣ ಗೋಡ್ಸೆಯವರು. ಮೊದಲ ಮೆಟ್ಟಿಲು, ಹಿಸ್ಟಮಿನ್ನನ್ನು ತಡೆಯುವ, ನಿದ್ದೆ ಹೆಚ್ಚು ತಾರದ ಹೊಸ ಗುಳಿಗೆಗಳು: ಲೆವೊಸೆಟಿರಿಜಿನ್, ಫೆಕ್ಸೊಫೆನಾಡಿನ್, ಬಿಲಾಸ್ಟಿನ್ ಮೊದಲಾದವು. ಹಳೆಯ ಬಗೆಯ ಗುಳಿಗೆಗಳು ತೂಕಡಿಕೆ ತರುತ್ತವೆ. ಒಂದು ಸಂಜೆ ಅದನ್ನು ನುಂಗಿ ಗಾಡಿ ಹತ್ತಿದ ನಾನು ಕುರ್ಲಾ ದಾಟಿ ಠಾಣೆಯಲ್ಲಿ ಕಣ್ಣು ಬಿಟ್ಟಿದ್ದೇನೆ! ಒಂದು ಗುಳಿಗೆ ಸಾಲದಿದ್ದರೆ ವೈದ್ಯರು ಅದನ್ನೇ ನಾಲ್ಕು ಪಟ್ಟಿನವರೆಗೆ ಏರಿಸುತ್ತಾರೆ. ಬಹಳ ಮಂದಿ ಈ ಎರಡು ಮೆಟ್ಟಿಲಲ್ಲೇ ಸುಖ ಕಾಣುತ್ತಾರೆ. ಮೂರನೆಯದು ಒಮಾಲಿಜುಮಾಬ್ ಎಂಬ ಚುಚ್ಚುಮದ್ದು, ನಾಲ್ಕು ವಾರಕ್ಕೊಮ್ಮೆ. 2014ರಲ್ಲಿ ಅಮೆರಿಕೆಯಲ್ಲಿ ಈ ಬೇನೆಗೆ ಮಾನ್ಯತೆ ಪಡೆದ ಇದು ಒಳ್ಳೆಯ ಮದ್ದೇ. ಬೆಲೆ ಕೇಳಿ ನಾನು ಸುಮ್ಮನಾದೆ.

ನಾಲ್ಕು ಪಟ್ಟು ಗುಳಿಗೆ ನುಂಗಿ ನಾಲ್ಕು ವಾರವಾದರೂ ನನ್ನ ವಹಿ 27ರ ಕೆಳಗೆ ಇಳಿಯಲಿಲ್ಲ. ಆಗ ವೈದ್ಯೆ ಸೈಕ್ಲೋಸ್ಪೋರಿನ್ ಎಂದರು.

ಈ ಮದ್ದಿನ ಹುಟ್ಟೇ ಒಂದು ಸ್ವಾರಸ್ಯದ ಕಥೆ. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯವರು ತಮ್ಮ ನೌಕರರು ಪ್ರವಾಸ ಹೋದಲ್ಲೆಲ್ಲ ಹಿಡಿ ಮಣ್ಣು ತರುವಂತೆ ಹೇಳುತ್ತಿದ್ದರು. 1969ರಲ್ಲಿ ನಾರ್ವೆಯ ಹಾರ್ಡಾಂಗರ್ ಪ್ರಸ್ಥಭೂಮಿಯಿಂದ ಬಂದ ಮಣ್ಣಿನಲ್ಲಿ ಒಂದು ಬೂಷ್ಟು ಸಿಕ್ಕಿತು. ಅದರಿಂದ ತೆಗೆದ ಸಾರ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆಂದು 1972ರಲ್ಲಿ ಸ್ಟೇಹೆಲಿನ್, ಬೋರೆಲ್ ಎಂಬ ವಿಜ್ಞಾನಿಗಳ ಪ್ರಯೋಗಶಾಲೆಗಳಲ್ಲಿ ಕಂಡುಬಂತು. ಒಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರಿಗೆ ಜೋಡಿಸಿದಾಗ ದೇಹ ಅದನ್ನು ಪರಕೀಯವೆಂದು ತಿರಸ್ಕರಿಸುತ್ತದಷ್ಟೆ. ಅದನ್ನು ತಡೆಯಲು 1978ರಲ್ಲಿ ಕೇಂಬ್ರಿಜ್‌ನ ಶಸ್ತ್ರವೈದ್ಯ ರಾಯ್ ಕ್ಯಾಲ್ನ್ ಈ ಮದ್ದನ್ನು ಮನುಷ್ಯರಿಗೆ ಕೊಟ್ಟು ನೋಡಿದರು. ಅಂಗ ಕಸಿಯ ಚರಿತ್ರೆಯೇ ಬದಲಾಯಿತು. ದೊಡ್ಡ ದಂಗೆಯನ್ನು ಅಡಗಿಸುವ ಮದ್ದು ಚರ್ಮದ ಚಿಕ್ಕ ದಂಗೆಯನ್ನೂ ಅಡಗಿಸೀತೆಂದು ಮುಂದೆ ಚರ್ಮವೈದ್ಯರು ಇದನ್ನು ಗಂಧೆಗೂ ಬಳಸಿದರು. 2000ದಲ್ಲಿ ಇಂಗ್ಲೆಂಡಿನ ಗ್ರಾಟನ್ ಮತ್ತು ಸಂಗಡಿಗರು, ಗುಳಿಗೆಗೆ ಬಗ್ಗದ 30 ಮಂದಿಯಲ್ಲಿ ಕೆಲವರಿಗೆ ಇದನ್ನೂ ಕೆಲವರಿಗೆ ಹುಸಿಮದ್ದನ್ನೂ ಕೊಟ್ಟು ಹೋಲಿಸಿದರು. ನಾಲ್ಕು ವಾರದ ಕೊನೆಗೆ ನಿಜಮದ್ದಿನವರು 19ರಲ್ಲಿ 8 ಮಂದಿ ಗುಣ ಕಂಡಿದ್ದರು. ಹುಸಿಮದ್ದಿನ 10 ಮಂದಿಯಲ್ಲಿ ಒಬ್ಬರೂ ಇಲ್ಲ. ಆದರೆ ಮದ್ದು ನಿಂತ ಮೇಲೆ ಹಲವರಿಗೆ ಮರುಕಳಿಸಿತು.

ಶಕ್ತಿ ತಗ್ಗಿಸುವ ಮದ್ದುಗಳೆಲ್ಲ ಒಂದೇ ತೂಕದವಲ್ಲ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯವರು 80 ಮಂದಿಯ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಅಜಾಥಿಯೋಪ್ರಿನ್ ಎಂಬ ಇನ್ನೊಂದು ಮದ್ದು ಸೈಕ್ಲೋಸ್ಪೋರಿನ್‌ಗೆ ಕಡಮೆಯಿಲ್ಲವೆಂದು ಕಂಡಿತು. ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರ 2014ರ ಚಿಕ್ಕ ಪರೀಕ್ಷೆಯಲ್ಲಿ ಮೆಥೊಟ್ರೆಕ್ಸೇಟ್ ಎಂಬುದು ಗುಳಿಗೆಗಿಂತ ಹೆಚ್ಚಿನ ಲಾಭ ತೋರಲಿಲ್ಲ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಎಂಬ ನ್ಯಾಯ ಇಲ್ಲಿ ನಡೆಯದು.

ಇಷ್ಟು ತಿಳಿದ ಮೇಲೂ ಮನೆಯಲ್ಲಿ ಒಪ್ಪಿಗೆ ಸಿಕ್ಕಬೇಕಲ್ಲ! ಅವ್ವ ಕೇಳಿದೊಡನೆ, "ಶಕ್ತಿ ಬರೂ ಔಷಧ ಕೊಡೂ ಡಾಕ್ಟರನ್ನ ಕಂಡೇನಿ. ಇದ್ದ ಶಕ್ತಿ ಕಳಿಯೂ ಔಷಧದ ಹೆಸರು ಇವತ್ತ ಕೇಳಿದೆ. ಅಣ್ಣನ ಗತಿ ಮರತಿ ಏನು?" ಎಂದಳು. ಮೂರು ವರ್ಷದ ಹಿಂದೆ ಅಣ್ಣನಿಗೆ ಕ್ಷಯವಾಗಿ, ನಮ್ಮ ಒಂದೇ ಖೋಲಿಯಲ್ಲಿ ಮಲಗಿ, ಆರು ತಿಂಗಳು ಮದ್ದು ತಿಂದು ಗುಣವಾಗಿದ್ದ. ಅವ್ವನ ಮಾತು ಹುಚ್ಚು ಮಾತಲ್ಲ. ಕ್ಷಯದ ಕ್ರಿಮಿ ಕೆಲವರ ಮೈಯಲ್ಲಿ ವರ್ಷಾನುಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಕಾವಲು ಸಡಿಲಾದರೆ ಏಳುತ್ತದೆ. ಅಣ್ಣನ ವಿಷಯ ಹೇಳಿದಾಗ ವೈದ್ಯೆ ಕೈಯಲ್ಲಿದ್ದ ಚೀಟಿಯನ್ನು ಕೆಳಗಿಟ್ಟು, "ಇದನ್ನು ಮೊದಲೇ ಹೇಳಬೇಕಿತ್ತು" ಎಂದರು. ಎದೆಯ ಎಕ್ಸ್‌ರೇ, ತೋಳಿಗೆ ಚುಚ್ಚಿ ನೋಡುವ ಕ್ಷಯದ ಪರೀಕ್ಷೆ, ಕಾಮಾಲೆಯ ಬಿ ಮತ್ತು ಸಿ ವೈರಸ್, ಎಚ್.ಐ.ವಿ., ಯಕೃತ್ತು, ಮೂತ್ರಪಿಂಡ, ರಕ್ತದೊತ್ತಡ, ಎಲ್ಲವನ್ನೂ ಮಾಡಿಸಿದರು. ಆ ಹತ್ತು ದಿನ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಫಲಿತಾಂಶ ನಿರ್ಮಲವಾಗಿ ಬಂತು. ಮಲಗಿದ ಕ್ಷಯವಿದ್ದಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕಿತ್ತು.

ಅವ್ವನಿಗೆ ನಾನು ಅವಳ ಭಾಷೆಯಲ್ಲೇ ಹೇಳಿದೆ: "ಹೊಲ ಕಾಯೂ ನಾಯಿ ಮನೀ ಮಂದೀನ್ನ ಕಚ್ಚಾಕ ಹತ್ತಿದ್ರ ಏನ ಮಾಡತೀ? ಕೊಲ್ಲೂದಿಲ್ಲ. ನಾಕ ದಿನಾ ಗಿಡ್ಡ ಹಗ್ಗದಾಗ ಕಟ್ಟತೀ. ಕಟ್ಟಿದ್ದಾಗ ಕಳ್ಳ ಬರದಂಗ ನಾವ ಎದ್ದ ಕೂಡಬೇಕು." ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಎಚ್ಚರಿರು" ಎಂದಳು. ಅದೇ ಒಪ್ಪಿಗೆ.

ಮದ್ದಿನ ಪ್ರಮಾಣ ದೇಹದ ತೂಕದ ಮೇಲೆ: ಕಿಲೋ ಒಂದಕ್ಕೆ ದಿನಕ್ಕೆ 3ರಿಂದ 5 ಮಿಲಿಗ್ರಾಂ. 62 ಕಿಲೋ ತೂಕದ ನನಗೆ ಬೆಳಿಗ್ಗೆ 100, ರಾತ್ರಿ 100. ಜೊತೆಗೆ ಹಳೆಯ ಗುಳಿಗೆಗಳು ಇದ್ದೇ ಇದ್ದವು. ಎರಡನೆಯ ವಾರ ವಹಿಯ ಮೊತ್ತ 18, ತಿಂಗಳ ಕೊನೆಗೆ 8, ಎರಡನೆಯ ತಿಂಗಳು 3. ಎರಡು ವರ್ಷದ ಮೇಲೆ ಮೊದಲ ಬಾರಿ ಒಂದು ರಾತ್ರಿ ಎಚ್ಚರವಿಲ್ಲದೆ ಮಲಗಿದೆ. ಬೆಳಿಗ್ಗೆ ಎದ್ದ ಹೆಂಡತಿ, "ರಾತ್ರಿ ನೀವು ಕೆರಕೊಳ್ಳೂ ಸಪ್ಪಳ ಇಲ್ಲದ್ದಕ್ಕ ನನಗ ನಿದ್ದಿ ಹತ್ತಲಿಲ್ಲರೀ" ಎಂದು ನಕ್ಕಳು.

ಈ ಸುಖದ ನಡುವೆಯೇ ನಾನು ಎಡವಿದೆ. ದವಡೆಯ ಹಲ್ಲು ನೋಯಿತು. ಔಷಧದ ಅಂಗಡಿಯಲ್ಲಿ ನೋವಿನ ಗುಳಿಗೆ ಕೊಂಡು ನಾಲ್ಕು ದಿನ ನುಂಗಿದೆ. ಸೈಕ್ಲೋಸ್ಪೋರಿನ್ ಮೂತ್ರಪಿಂಡಕ್ಕೆ ಭಾರ; ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳಂಥ ನೋವಿನ ಗುಳಿಗೆ ಅದರ ಮೇಲೆ ಇನ್ನೊಂದು ಮೂಟೆ. ನೋವಿನ ಗುಳಿಗೆಗಳು ಕೆಲವರಿಗೆ ಗಂಧೆಯನ್ನೂ ಕೆರಳಿಸುತ್ತವೆ. ವೈದ್ಯೆ ಇದನ್ನು ಮೊದಲ ದಿನವೇ ಹೇಳಿದ್ದರು. ಹಲ್ಲುನೋವಿನಲ್ಲಿ ನಾನು ಮರೆತೆ. ಆ ತಿಂಗಳ ರಕ್ತಪರೀಕ್ಷೆಯಲ್ಲಿ, ಮೊದಲು 0.8 ಇದ್ದ ಕ್ರಿಯಾಟಿನಿನ್ 1.1 ಆಗಿತ್ತು. ನೋಡಲು ಚಿಕ್ಕ ಅಂಕಿ. ಪ್ರಯೋಗಶಾಲೆಯ ಚೀಟಿಯಲ್ಲಿ ಅದಕ್ಕೆ ಕೆಂಪು ಗುರುತೂ ಇರಲಿಲ್ಲ. ಆದರೆ ವೈದ್ಯರು ನೋಡುವುದು ಚೀಟಿಯ ಮಿತಿಯನ್ನಲ್ಲ, ರೋಗಿಯ ಮೊದಲಿನ ಅಂಕಿಯನ್ನು. ಅದಕ್ಕಿಂತ ನೂರಕ್ಕೆ ಇಪ್ಪತ್ತೈದು ಮೂವತ್ತು ಏರಿದರೆ ಮದ್ದನ್ನು ತಗ್ಗಿಸುವುದು ನಿಯಮ. ನನ್ನದು ಮೂವತ್ತನ್ನೂ ಮೀರಿತ್ತು. ರಕ್ತದೊತ್ತಡವೂ ಸ್ವಲ್ಪ ಏರಿತ್ತು. ನೋವಿನ ಗುಳಿಗೆ ನಿಂತಿತು, ಮದ್ದು ದಿನಕ್ಕೆ 150ಕ್ಕೆ ಇಳಿಯಿತು. ಎರಡು ವಾರದ ಮೇಲೆ 0.9. ಆ ಎರಡು ವಾರ ಅವ್ವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಮೊದಲಿನ ಅಂಕಿ ಬರೆದಿಡದೆ ಇದ್ದಿದ್ದರೆ, ಅಥವಾ ಗುಣವಾಯಿತೆಂದು ಆ ತಿಂಗಳ ಪರೀಕ್ಷೆಯನ್ನು ತಪ್ಪಿಸಿದ್ದರೆ, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಪ್ರಮಾಣ ಇಳಿದಾಗ ಗಂಧೆ ಒಂದಿಷ್ಟು ತಲೆಯೆತ್ತಿ ಮೊತ್ತ 10ಕ್ಕೆ ಹೋಯಿತು. ಮತ್ತೆ 5ಕ್ಕೆ ಬಂತು. ಆರನೆಯ ತಿಂಗಳ ಹೊತ್ತಿಗೆ ಮದ್ದನ್ನು ಮೆಲ್ಲನೆ ಇಳಿಸಿ ನಿಲ್ಲಿಸಿದರು. ಈಗ ದಿನಕ್ಕೊಂದು ಸಾದಾ ಗುಳಿಗೆ ಮಾತ್ರ. ಬೇನೆ ಬೇರುಸಹಿತ ಹೋಯಿತೆಂದು ನಾನು ಹೇಳಲಾರೆ. ಈ ಮಳೆಗಾಲದಲ್ಲಿ ಒಂದು ವಾರ 8ರವರೆಗೆ ಹೋಗಿತ್ತು. ಆದರೆ ಬಹುಮಂದಿಗೆ ಈ ಬೇನೆ ಕೆಲವು ವರ್ಷಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಅಲ್ಲಿಯವರೆಗೆ ಮನುಷ್ಯ ಉಂಡು, ಮಲಗಿ, ಕೆಲಸ ಮಾಡಿಕೊಂಡಿರುವಂತೆ ಮಾಡುವುದೇ ಮದ್ದಿನ ಕೆಲಸ.

ಇಷ್ಟರಿಂದ ನಾನು ಕಲಿತುದನ್ನು ಸೋದರ ಸೋದರಿಯರಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ. ಆರು ವಾರ ಮೀರಿದ ಗಂಧೆಯನ್ನು ಚರ್ಮವೈದ್ಯರಿಗೆ ತೋರಿಸಿ. ಕುರ್ಲಾದಿಂದ ಒಂದೇ ನಿಲ್ದಾಣದಾಚೆ ಸಾಯನ್‌ನಲ್ಲಿ ಲೋಕಮಾನ್ಯ ಟಿಳಕ ಆಸ್ಪತ್ರೆಯಿದೆ, ಪರೇಲಿನಲ್ಲಿ ಕೆ.ಇ.ಎಂ. ಇದೆ, ಎರಡೂ ನಗರಪಾಲಿಕೆಯವು, ಎರಡರಲ್ಲೂ ಚರ್ಮರೋಗ ವಿಭಾಗವಿದೆ. ಒಂದೇ ದದ್ದು ದಿನವಿಡೀ ಇಳಿಯದೆ ನೋಯುತ್ತ, ಕಪ್ಪು ಕಲೆ ಬಿಟ್ಟರೆ ಅದು ಬೇರೆ ಬೇನೆಯಿರಬಹುದು, ಅದನ್ನು ಹೇಳಿ. ತುಟಿ ನಾಲಗೆ ಬಾತು ಉಸಿರು ಕಟ್ಟಿದರೆ ಮನೆಮದ್ದು ನೋಡುತ್ತ ಕೂಡದೆ ಒಡನೆ ಆಸ್ಪತ್ರೆಗೆ ಹೋಗಿ. ಹೆಸರಿಲ್ಲದ ಗುಳಿಗೆ ನುಂಗಬೇಡಿ. ಏನು ಕೊಟ್ಟಿರೆಂದು ಕೇಳಲು ಸಂಕೋಚ ಬೇಡ. ಸೈಕ್ಲೋಸ್ಪೋರಿನ್‌ನಂಥ ಮದ್ದು ಬರೆದರೆ ಮನೆಯಲ್ಲಿ ಯಾರಿಗಾದರೂ ಕ್ಷಯವಾಗಿತ್ತೇ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ. ಬೇರೆ ಯಾವ ಗುಳಿಗೆಯನ್ನೂ ಕೇಳದೆ ಸೇರಿಸಬೇಡಿ. ಕೆಲವು ಪ್ರತಿಜೈವಿಕಗಳು, ಚಕ್ಕೋತದ ಜಾತಿಯ ಹಣ್ಣುಗಳು ಕೂಡ ರಕ್ತದಲ್ಲಿ ಇದರ ಪ್ರಮಾಣವನ್ನು ಏರಿಸುತ್ತವೆ. ಜ್ವರ ಕೆಮ್ಮು ಬಂದರೆ ತಡಮಾಡಬೇಡಿ. ಪರೀಕ್ಷೆಯ ದಿನ ತಪ್ಪಿಸಬೇಡಿ.

ಶಕ್ತಿ ತಗ್ಗಿಸುವ ಮದ್ದು ಸಾಲದ ಹಣವಿದ್ದಂತೆ. ಕಷ್ಟಕಾಲದಲ್ಲಿ ಸಾಲ ತೆಗೆಯುವುದು ನಾಚಿಕೆಯಲ್ಲ. ಎಷ್ಟು ತೆಗೆದೆ, ಎಂದು ತೀರಿಸುವೆ ಎಂಬ ಲೆಕ್ಕವಿಲ್ಲದೆ ತೆಗೆದರೆ ಮನೆ ಮುಳುಗುತ್ತದೆ. ಹತ್ತು ತಿಂಗಳು ಲೆಕ್ಕವಿಲ್ಲದೆ ನುಂಗಿದ ಪೊಟ್ಟಣ ನನ್ನನ್ನು ಕೆಡಿಸಿತು. ಆರು ತಿಂಗಳು ಲೆಕ್ಕವಿಟ್ಟು ನುಂಗಿದ ಮದ್ದು, ಅದಕ್ಕಿಂತ ದೊಡ್ಡ ಹೆಸರಿನದಾದರೂ, ಕಾಪಾಡಿತು.

ಈ ಸಲದ ದಸರಾ ಕೂಟದಲ್ಲಿ ಅದೇ ಹಿರಿಯರು ಎಣ್ಣೆಗಾಯಿಯ ಪಾತ್ರೆ ಹಿಡಿದು ಬಂದರು. ನನ್ನನ್ನು ಕಂಡು ತಾವೇ ದಾಟಿ ಹೋಗುತ್ತಿದ್ದರು. ನಾನು ಕರೆದು ಎರಡು ಹಾಕಿಸಿಕೊಂಡೆ. ಆ ರಾತ್ರಿಯ ವಹಿಯಲ್ಲಿ ಬರೆದದ್ದು ಸೊನ್ನೆ.